ಮನಿಗಾಡಿಯ ಡಬ್ಬಿ

ನಮ್ಮ ಇಂಡಿ ಪ್ಯಾಟ್ಯಾಗ ಯಾರರ ಪರದೇಶ ತಿರುಗಾಕ ಹೊಂಟ್ರ ಮೊದಲ ನನ್ನ ಕಡೆ ಬರ್ತಾರ. "ಗಾಡಿ ಒಳಗಽ ಮನಿ ಇರ್ತೈತಂತಲ್ರಿ, ಅದನ್ನ ಬಾಡಗಿ ತಗೊಂಡು ಅಡ್ಡ್ಯಾಡಿ ಬಂದೀರಂತ. ಹೆಂಗ, ಏನು, ಸ್ವಲ್ಪ ಹೇಳ್ರಿ" ಅಂತಾರ. ಕುಂಡ್ರಿಸಿ, ಚಾ ಕುಡಿಸಿ, ಎಲ್ಲಾ ಹೇಳ್ತೇನಿ. ಲೈಸೆನ್ಸ್ ಹೆಂಗ ಮಾಡಸಬೇಕು, ಗ್ಯಾಸ್ ಯಾವಾಗ ಬಂದ್ ಮಾಡಬೇಕು, ನೀರು ಎಲ್ಲಿ ತುಂಬಬೇಕು, ಚಪ್ಪಲಿ ಯಾಕ ತಿಕ್ಕಿ ತೊಳಕೊಂಡು ಹೋಗಬೇಕು, ತಾಸುಗಟ್ಲೆ ಹೇಳ್ತೇನಿ. ಮಾತಿನ ಚಟ ನನಗ ಮೊದಲಿಂದ. ಆದ್ರ ಒಂದು ವಿಷಯ ಬಂದಾಗ ಮಾತ್ರ, "ಒಂದು ಡಬ್ಬಿ ಇರ್ತೈತ್ರಿ, ತುಂಬಿದಾಗ ಖಾಲಿ ಮಾಡಬೇಕು, ಅಷ್ಟ" ಅಂದು ಮುಂದಕ್ಕ ಜಿಗಿತೇನಿ. ಆ ಡಬ್ಬಿ ಯಾರು ಖಾಲಿ ಮಾಡಿದ್ರು ಅಂತ ಯಾರಿಗೂ ಹೇಳಿಲ್ಲ. ಇವತ್ತ ಹೇಳ್ತೇನಿ. ನಾಚಿಕಿ ಬರ್ತೈತಿ ಖರೆ, ಆದ್ರೂ ಹೇಳ್ತೇನಿ.

ನನಗ ಒಬ್ಬ ಗೆಳೆಯ. ಒಂದನೇ ಇಯತ್ತೆಯಿಂದ ಒಂದಽ ಬೆಂಚಿನ ಮ್ಯಾಲ ಕುಂತವರು ನಾವು. ನಮ್ದು ತಲೆತಲಾಂತರದ ಲಿಂಬಿ ತ್ವಾಟ, ಮನಿ ಮುಂದ ದೊಡ್ಡ ಕಟ್ಟಿ, ಕಟ್ಟಿ ಮ್ಯಾಲ ಯಾವಾಗ್ಲೂ ನಾಲ್ಕ ಮಂದಿ. ಅವಂದು ಆಲಮೇಲದ ಕಡೆಯಿಂದ ಬಂದ ಕುರಿ ಕಾಯೋ ಮನಿತನ. ಸಾಲಿ ಬಿಟ್ಟು ಲಾರಿ ಕ್ಲೀನರ್ ಆದ, ಆಮ್ಯಾಲ ಡ್ರೈವರ್ ಆದ. ಈಗ ಸಿಂದಗ್ಯಾಗ ಸ್ವಂತ ಮನಿ, ಸ್ವಂತ ಎರಡು ಲಾರಿ. ನಮ್ಮ ತ್ವಾಟದ ಲಿಂಬಿಕಾಯಿ ಹೋಗೂದು ಅವನ ಲಾರಿಯಾಗಽ. ನಮ್ಮಪ್ಪ ತೀರಿಕೊಂಡ ಮ್ಯಾಲ ನನ್ನನ್ನ "ಲೇ" ಅಂತ ಕರಿಯೋ ಗಂಡಸು ಈ ನಾಲ್ಕ ತಾಲೂಕಿನ್ಯಾಗ ಅವನೊಬ್ಬನಽ ಉಳಿದಿದ್ದ. ಉಳದವರಿಗೆಲ್ಲ ನಾ ಸಾವಕಾರ. ಬ್ಯಾಂಕಿನವರಿಗೂ ಸಾವಕಾರ, ಬೀಗರಿಗೂ ಸಾವಕಾರ. "ಲೇ" ಅಂತ ಅವನ ದನಿ ಕೇಳಿದ್ರ ಮಾತ್ರ ನನಗ ನನ್ನ ಹೆಸರು ನೆನಪಾಗ್ತಿತ್ತು.

ಮನಿಗಾಡಿ ಹುಚ್ಚು ಹಿಡಿಸಿದವ ಅವನಽ. ಒಂದು ಮಧ್ಯಾಹ್ನ ತ್ವಾಟದಾಗ ಕಾಯಿ ತುಂಬಿಸಾಕತ್ತಿದ್ವಿ. ಫೋನ್ ನನ್ನ ಮೂಗಿಗೆ ಹಿಡದ.

"ಲೇ, ನೋಡೋ ಇಲ್ಲಿ. ಒಲಿ ಐತಿ, ಹಾಸಗಿ ಐತಿ, ಸಂಡಾಸ ಸೈತ ಐತಿ! ಮೂವತ್ತ ವರ್ಷ ಲಾರಿ ಕ್ಯಾಬಿನ್ನಿನ್ಯಾಗ ಮಲಗೇನಿ, ಚರಗಿ ಹಿಡ್ಕೊಂಡು ರಸ್ತಾದ ಬಾಜೂಕ ಓಡೇನಿ. ಒಮ್ಮೆರ ಸಂಡಾಸ ಇರೋ ಗಾಡಿ ಹೊಡದು ಸಾಯಬೇಕೋ ಮಾರಾಯಾ."

ಬಿದ್ದು ಬಿದ್ದು ನಕ್ನಿ. ಆದ್ರ ಅವನ ಕಣ್ಣಾಗ ನಗಿ ಇರಲಿಲ್ಲ, ಆಸೆ ಇತ್ತು. ಆವತ್ತಽ ಠರಾವು ಆತು. ನ್ಯೂಜಿಲೆಂಡಿಗೆ ಹೋಗೂದು, ಯಾಕಂದ್ರ ಅಲ್ಲಿ ನಮ್ಮಂಗ ರಸ್ತಾದ ಎಡಕ ಗಾಡಿ ಹೊಡಿತಾರ. ನಾನು, ನನ್ನ ಹೆಂಡತಿ, ಅವ. ಅವನ ಹೆಂಡತಿ ವಿಮಾನ ಅಂದ್ರ ಕೈ ಮುಗದು ಒಲ್ಲೆ ಅಂದ್ಲು. ಗೆಳೆಯ ತನ್ನ ಪಾಲಿನ ಖರ್ಚು ತಾನಽ ಹಾಕ್ತೇನಿ ಅಂತ ಹಟ ಹಿಡದ, ಹಾಕಿದ. ಇದೊಂದು ನೆನಪಿಟ್ಕೋರಿ.

ವಿಜಯಪುರಕ್ಕ ಹೋಗಿ ಇಬ್ರೂ ಅಂತರರಾಷ್ಟ್ರೀಯ ಲೈಸೆನ್ಸ್ ಮಾಡಿಸಿದ್ವಿ. ನಾನೂ ಕಾರು ಹೊಡಿತೇನಿ, ಆದ್ರ ಅಷ್ಟುದ್ದ ಗಾಡಿ ಅಂದ್ರ ಎದಿ ಢವಢವ. "ಸ್ಟೇರಿಂಗ್ ನನಗ ಬಿಡೋ, ಅದಕ್ಕಽ ಹೊಂಟೇನಿ" ಅಂದ ಅವ. ಹೆಂಡತಿ ಖಡಕ್ ರೊಟ್ಟಿ ಬಡದ್ಲು, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿದ್ಲು. ಅಲ್ಲಿ ವಿಮಾನ ಇಳಿದ ಕೂಡ್ಲೆ ತಿನ್ನೂ ಸಾಮಾನು ಏನೈತಿ ಅಂತ ಚೀಟಿಯಾಗ ಬರದು ತೋರಿಸಬೇಕು. ರೊಟ್ಟಿ ಬಿಟ್ರು, ಹಿಂಡಿ ಬಿಟ್ರು. ದೃಷ್ಟಿ ಆಗಬಾರದಂತ ಆಕಿ ಪರ್ಸಿನ್ಯಾಗ ಇಟ್ಕೊಂಡ ಎರಡು ಲಿಂಬಿಕಾಯಿ ಮಾತ್ರ ಡಬ್ಬಕ್ಕ ಹಾಕಿಸಿದ್ರು. ನಮ್ಮ ತ್ವಾಟದ ಕಾಯಿ ಪರದೇಶದ ಕಸದ ಡಬ್ಬಿಗೆ ಬಿತ್ತಲ್ಲ ಅಂತ ನನಗ ಸಿಟ್ಟು ಬಂತು.

ಆಮ್ಯಾಲ ನನ್ನ ಚಪ್ಪಲಿ. ಹೊಲದಾಗ ಅಡ್ಡ್ಯಾಡಿದ ಚಪ್ಪಲಿನಽ ಚೀಲದಾಗ ಹಾಕ್ಕೊಂಡು ಹೋಗಿದ್ನಿ, ಅಡಿಗೆ ಇಂಡಿಯ ಕರಿಮಣ್ಣು ಮೆತ್ತಿತ್ತು. ಬ್ಯಾರೆ ದೇಶದ ಮಣ್ಣು ಒಳಗ ಬಿಡಂಗಿಲ್ಲ ಅವರು. ಒಬ್ಬಾಕಿ ಅಧಿಕಾರಿ, ಯುನಿಫಾರ್ಮ್ ಹಾಕಿದಾಕಿ, ಒಂದು ಮಾತು ಬಿರುಸಾಗಿ ಆಡಲಿಲ್ಲ. ಚಪ್ಪಲಿ ಒಳಗ ಒಯ್ದು, ಬ್ರಷ್ ಹಾಕಿ ತಿಕ್ಕಿ, ಒರಸಿ, ಚೀಲದಾಗ ಹಾಕಿ ನನ್ನ ಕೈಗೆ ಕೊಟ್ಲು. "ಲೇ, ನಿನಗಿಂತ ನಿನ್ನ ಚಪ್ಪಲಿ ಸ್ವಚ್ಛ ಆದ್ವು ನೋಡು" ಅಂತ ಗೆಳೆಯ ಹೊಟ್ಟಿ ಹಿಡ್ಕೊಂಡು ನಕ್ಕ. ನಾ ಫೋನ್ ಹಚ್ಚಿ ಊರಿಗೆಲ್ಲ ಡಂಗುರ ಹೊಡದ್ನಿ: ದೊಡ್ಡ ಅಧಿಕಾರಿ ನನ್ನ ಚಪ್ಪಲಿ ತೊಳದ್ಲು! ಅದ್ರಾಗ ನನ್ನ ದೊಡ್ಡಸ್ತಿಕಿ ಏನೂ ಇರಲಿಲ್ಲ, ಆಕಿದಿತ್ತು. ಆಗ ತಿಳೀಲಿಲ್ಲ.

ಬಾಡಗಿ ಗಾಡಿ ಅಂಗಳದಾಗ ಒಬ್ಬ ಹುರುಪಿನ ಮನಷ್ಯಾ ನಮಗ ಒಂದು ತಾಸು ಪಾಠ ಹೇಳಿದ. ಕರೆಂಟಿನ ವೈರ್ ಎಲ್ಲಿ ಸಿಗಸಬೇಕು, ಕುಡಿಯೋ ನೀರಿನ ಟಾಕಿ ಯಾವುದು, ತೊಳದ ನೀರು ಕೂಡೂ ಟಾಕಿ ಯಾವುದು, ಗಾಡಿ ಹೊಂಡೂ ಮುಂದ ಗ್ಯಾಸ್ ಬಂದ್ ಮಾಡೂದು, ಕಪಾಟಿನ ಚಿಲಕ ಹಾಕೂದು. ನಾ ಬಿ.ಎ. ಪಾಸಾದವ, ಇಂಗ್ಲಿಷ್ ಕೇಳಿ ಕನ್ನಡಕ್ಕ ಹೇಳ್ತಿದ್ನಿ. ಗೆಳೆಯಗ ನನ್ನ ಮಾತು ಬೇಕಾಗಿರಲಿಲ್ಲ, ಅವ ಆ ಮನಷ್ಯಾನ ಕೈ ನೋಡಿ ನೋಡೇ ಕಲಿತಿದ್ದ.

ಕಡೀಕ ಗಾಡಿ ಬಾಜೂಕ ಒಂದು ಸಣ್ಣ ಬಾಗಲ ತಗದು ತೋರಿಸಿದ. ಒಳಗ ಗಾಲಿ ಹಚ್ಚಿದ ಸೂಟ್‌ಕೇಸಿನಂಥಾ ಡಬ್ಬಿ. ಮ್ಯಾಲ ಸಂಡಾಸ, ಕೆಳಗ ಈ ಡಬ್ಬಿ. ತುಂಬಿದ್ರ ಒಳಗ ಕೆಂಪ ದೀಪ ಹತ್ತತೈತಿ. ಆಗ ಅದನ್ನ ಎಳಕೊಂಡು ಡಂಪ್ ಸ್ಟೇಷನ್ ಅನ್ನೂ ಜಾಗಾಕ್ಕ ಹೋಗಿ ಸುರುವಿ, ನೀರ ಹಾಕಿ ಜಾಲಿಸಿ, ನೀಲಿ ಔಷಧ ಹಾಕಿ ತಿರುಗಿ ಕೂಡಿಸಬೇಕು. "ನಿಮಗ ಎರಡು-ಮೂರು ದಿನಾ ಬರ್ತೈತಿ" ಅಂದ.

ನಾ ಕೇಳಿದ್ನಿ, "ಇದನ್ನ ಮಾಡಾಕ ಯಾರು ಬರ್ತಾರ?"

ಅವ ನಕ್ಕ. "ನೀವಽ ಸರ್."

ಹೆಂಡತಿ ಸೆರಗು ಮೂಗಿಗೆ ಹಿಡಕೊಂಡ್ಲು. ನಾ ಗುಡ್ಡದ ಕಡೆ ನೋಡಿದ್ನಿ. ಗೆಳೆಯ ಬಗ್ಗಿ ಡಬ್ಬಿ ಮುಚ್ಚಳ ಹೆಂಗ ತಿರುಗತೈತಿ ಅಂತ ನೋಡಾಕತ್ತಿದ್ದ.

ಗಾಡಿ ಹೊಂಡೂಕಿಂತ ಮೊದಲ ಅಂಗಡ್ಯಾಗ ಲಿಂಬಿಕಾಯಿ ತಂದು ನಾಲ್ಕೂ ಗಾಲಿ ಕೆಳಗ ಇಟ್ವಿ. ನಮ್ಮ ಕಡೆ ಹೊಸ ಗಾಡಿಗೆ ಇದು ಆಗಲಿಕ್ಕೇ ಬೇಕು. ಗೆಳೆಯ ಚಪ್ಪಲಿ ಬಿಟ್ಟು ಸ್ಟೇರಿಂಗಿಗೆ ಕೈ ಮುಗದ, ಗಾಡಿ ಎತ್ತಿದ, ಚಟ್ ಚಟ್ ಅಂತ ಕಾಯಿ ಒಡದ್ವು. ಆ ಮನಷ್ಯಾ ಬಾಯಿ ತಗದು ನೋಡ್ಕೋತ ನಿಂತ. ಆ ದಿನ ನನ್ನ ಗೆಳೆಯನ ಮಾರಿ ನೋಡಬೇಕಿತ್ತು ನೀವು. ಐವತ್ತೇಳು ವರ್ಷದವನ ಮಾರ್ಯಾಗ ಸಾಲಿ ಹುಡುಗನ ಕಳೆ.

ಮೊದಲನೇ ದಿನಾನ ಟಾಕಿ ಬರಿದು ಮಾಡಿದ್ವಿ. ಇಂಡ್ಯಾಗ ಜಳಕ ಮಾಡಿದಂಗ ಮೂರೂ ಮಂದಿ ಮನಸಾರೆ ಜಳಕ ಮಾಡಿದ್ವಿ, ಹೆಂಡತಿ ಸೀರಿ ಬ್ಯಾರೆ ಹಿಂಡಿದ್ಲು. ಎರಡನೇ ತಪ್ಪು ಇನ್ನೂ ದೊಡ್ಡದು. ಅಲ್ಲಿಯವರು ಸಂಡಾಸಕ್ಕ ಕಾಗದ ಬಳಸ್ತಾರ. ನಮಗ ಚರಗಿ ನೀರಿಲ್ಲದ ಆಗಂಗಿಲ್ಲ. ಒಬ್ಬೊಬ್ಬರು ಎರಡೆರಡು ಚರಗಿ. ಆ ನೀರೆಲ್ಲ ಎಲ್ಲಿ ಹೋಗಬೇಕು? ಡಬ್ಬಿಗಽ. ಮೂರ ದಿನಾ ಬರೂ ಡಬ್ಬಿ ಮರುದಿನ ಮುಂಜಾನೇನ ತುಂಬಿತು.

ಒಂದು ಕೆರಿ ದಂಡಿಗೆ ಗಾಡಿ ನಿಲ್ಲಿಸಿದ್ವಿ. ಹೆಂಡತಿ ಒಳಗಿಂದ, "ರೀ, ಕೆಂಪ ದೀಪ ಹತ್ತೇತಿ" ಅಂದ್ಲು. ನಾ ಚಾ ಕುಡ್ಯಾಕತ್ತಿದ್ನಿ. ಕಪ್ಪು ಕೆಳಗ ಇಡಲಿಲ್ಲ. ಗೆಳೆಯನ ಕಡೆ ನೋಡಿದ್ನಿ. ಬರೇ ನೋಡಿದ್ನಿ, ಅಷ್ಟ. ಹೇಳಲಿಲ್ಲ, ಕೇಳಲಿಲ್ಲ. ನಮ್ಮ ಮನ್ಯಾಗ ಎಮ್ಮಿ ಸೆಗಣಿ ಬಿದ್ರ ಯಾರ ಕಡೆ ನೋಡ್ತೇನಿ, ಗಟಾರ ತುಂಬಿದ್ರ ಯಾರ ಕಡೆ ನೋಡ್ತೇನಿ, ಹಂಗಽ ನೋಡಿದ್ನಿ. ಅವ ನನ್ನ ಕಣ್ಣು ಓದಿದ. ತನ್ನ ಕಪ್ಪು ಕೆಳಗ ಇಟ್ಟ. ಆಮ್ಯಾಲ ಎದ್ದು, ತೋಳ ಏರಿಸಿ, ಡಬ್ಬಿ ಎಳಕೊಂಡು ಹ್ವಾದ.

"ನಾ ಬರ್ತೇನಿ ಅಣ್ಣಾರ, ನೀರರ ಹಾಕ್ತೇನಿ" ಅಂದ್ಲು ಹೆಂಡತಿ.

"ಬ್ಯಾಡ ಬಿಡವಾ ತಂಗಿ. ಕುರಿ ಹಿಕ್ಕಿ ಬಳದು ದೊಡ್ಡಾದವ ನಾ, ನನಗೇನ ಹೇಸಿಕಿಲ್ಲ" ಅಂದ ಅವ.

ಆ ಮಾತು ಕೇಳಿ ನನಗ ಸಮಾಧಾನ ಆತ್ರಿ. ಖರೆ ಹೇಳ್ತೇನಿ, ಸಮಾಧಾನ ಆತು. ಅವಗ ಹೇಸಿಕಿ ಇಲ್ಲಂತ, ಹಂಗಾದ್ರ ಸರಿ ಆತು ಅಂತ ಇನ್ನೊಂದು ಕಪ್ಪು ಚಾ ಹಾಕಿಸ್ಕೊಂಡ್ನಿ.

ಆವತ್ತಿಂದ ದಿನಾ ಅವನಽ. ದಿನಾ ಮುಂಜಾನೆ ಡಬ್ಬಿ ಹೊಂಟಿತು ಅಂದ್ರ ನನಗ ಫೋನ್ ಬರ್ತಿತ್ತು, ಇಲ್ಲಾ ಫೋಟೋ ತಗಿಯೂದು ನೆನಪಾಗ್ತಿತ್ತು. ಉಳದದ್ದೆಲ್ಲ ಚಂದ ನಡೀತಿತ್ತು. ನಮ್ಮ ಇಂಡಿ ಮನ್ಯಾಗ ಅವ ಪಡಸಾಲಿ ದಾಟಿ ಒಳಗ ಬಂದವಲ್ಲ. ಬರಬ್ಯಾಡ ಅಂತ ಯಾರೂ ಅಂದಿರಲಿಲ್ಲ, ಬಾ ಅಂತನೂ ಅಂದಿರಲಿಲ್ಲ. ಇಲ್ಲಿ ಅಡಗಿಮನಿ, ಪಡಸಾಲಿ, ಹಾಸಗಿ ಎಲ್ಲಾ ಒಂದಽ ಕಡೆ. ಅವ ಉಳ್ಳಾಗಡ್ಡಿ ಹೆಚ್ಚಿ ಕೊಡ್ತಿದ್ದ, ಹೆಂಡತಿ ಝುಣಕಾ ಮಾಡ್ತಿದ್ಲು. ಮೂವರೂ ಮೊಣಕಾಲಿಗೆ ಮೊಣಕಾಲ ಹಚ್ಚಿ ಉಣ್ತಿದ್ವಿ. ಗಾಡಿ ಹೊಡಿಯುವಾಗ ಅವನ ಬಾಯಿ ಸುಮ್ನ ಇರ್ತಿರಲಿಲ್ಲ. "ಲೇ, ಆ ಕುರಿ ನೋಡೋ, ಅದರ ಉಣ್ಣೆ ನೋಡೋ, ನಮ್ಮಪ್ಪ ಇದನ್ನ ನೋಡಿದ್ರ ಅತ್ತಬಿಡ್ತಿದ್ದ" ಅಂತ ನಡುರಸ್ತಾದಾಗ ಗಾಡಿ ಸಾವಕಾಶ ಮಾಡ್ತಿದ್ದ. ಗುಡ್ಡದ ತುಂಬ ಕುರಿ. ಆ ದೇಶ ಅವಂದಽ ಅನ್ನೂ ಹಂಗ ನನಗ ಕೈ ಮಾಡಿ ಮಾಡಿ ತೋರಿಸ್ತಿದ್ದ.

ಐದನೇ ದಿನ ಒಂದು ಡಂಪ್ ಸ್ಟೇಷನ್ನಿನ್ಯಾಗ ನಮ್ಮ ಬಾಜೂಕ ಮುದುಕ-ಮುದುಕಿ ತಮ್ಮ ಗಾಡಿ ನಿಲ್ಲಿಸಿದ್ರು. ಎಪ್ಪತ್ತು ದಾಟಿದವರು. ಮುದುಕ ದೊಡ್ಡ ದವಾಖಾನಿಯಾಗ ಡಾಕ್ಟರ್ ಇದ್ದನಂತ. ಅವ ತನ್ನ ಡಬ್ಬಿ ತಾನಽ ಎತ್ತಿ ಸುರುವಾಕತ್ತಿದ್ದ, ಮುದುಕಿ ಪೈಪ್ ಹಿಡದಿದ್ಲು, ಇಬ್ರೂ ನಗಾಡ್ತಿದ್ರು. ನನ್ನ ಗೆಳೆಯ ನಮ್ಮ ಡಬ್ಬಿ ಜಾಲಸಾಕತ್ತಿದ್ದ. ನಾ ಎರಡೂ ಕೈ ಹಿಂದ ಕಟ್ಕೊಂಡು, ತ್ವಾಟದಾಗ ಆಳು ದಗದ ಮಾಡೂದು ನೋಡಿದಂಗ, ನಿಂತಿದ್ನಿ.

ಮುದುಕ ನನಗ ಕಣ್ಣು ಹೊಡದ. "ಇವತ್ತ ನನ್ನ ಸರತಿ, ನಾಳೆ ಈಕಿದು. ನಿಮ್ಮ ಸರತಿ ಯಾವಾಗ?" ಅಂತ ಇಂಗ್ಲಿಷಿನ್ಯಾಗ ಕೇಳಿದ. ಚ್ಯಾಷ್ಟಿ ಮಾಡಿದ್ದ ಅವ, ಅಷ್ಟ. ನಕ್ಕು ಸುಮ್ನ ಇರಬಹುದಿತ್ತು. ನನಗ ಮಾನ ಹೋದಂಗಾತು. ಇವನೇನು ನನ್ನನ್ನ ಸಂಡಾಸ ತೊಳಿಯವ ಅಂತ ತಿಳದಾನೇನು? ಥಟ್ಟನೆ ಅಂದಬಿಟ್ನಿ, ಇಂಗ್ಲಿಷಿನ್ಯಾಗಽ: "ಇಲ್ಲ, ಇಲ್ಲ. ಅವ ನನ್ನ ಡ್ರೈವರ್."

ಆ ಒಂದು ಶಬ್ದ ತಿಳಿಯಾಕ ಇಂಗ್ಲಿಷ್ ಬೇಕಾಗಿಲ್ಲ. ಗೆಳೆಯನ ಕೈ ನಳದ ಮ್ಯಾಲ ಹಂಗಽ ನಿಂತಿತು. ತಿರುಗಿ ನನ್ನ ಕಡೆ ನೋಡಲಿಲ್ಲ. ನೀರು ಡಬ್ಬಿ ತುಂಬಿ ಹೊರಗ ಹರದು ಅವನ ಕಾಲು ತೋಯಿಸಿತು. ಆಮ್ಯಾಲ ನಳ ಬಂದ್ ಮಾಡಿದ. ಮುದುಕ "ಓಹ್" ಅಂದು ನಗಿ ನುಂಗಿ ತನ್ನ ದಗದಕ್ಕ ಹತ್ತಿದ.

ಗೆಳೆಯ ಮೊಣಕೈ ತನಕ ಸಾಬೂನು ಹಚ್ಚಿ ಎರಡು ಸಲ ಕೈ ತೊಳಕೊಂಡ, ಸ್ಟೇರಿಂಗ್ ಹಿಡದು ಕುಂತ. ದಾರಿ ತುಂಬ ಕುರಿ ಬಂದ್ವು. ಗಾಡಿ ಎಲ್ಲೂ ಸಾವಕಾಶ ಆಗಲಿಲ್ಲ. ಮಧ್ಯಾಹ್ನ ತಾಟು ತಗೊಂಡು ಗಾಡಿಯ ಪಾವಟಿಗಿ ಮ್ಯಾಲ ಹೊರಗ ಕುಂತು ಉಂಡ. "ಒಳಗ ಬರ್ರಿ ಅಣ್ಣಾರ" ಅಂತ ಹೆಂಡತಿ ಕರದ್ಲು. "ಇಲ್ಲೇ ಗಾಳಿ ಚಲೋ ಐತವಾ" ಅಂದ.

ಹೆಂಡತಿ ಕಪಾಟಿನ ಬಾಗಲ ಧಡ್ ಅಂತ ಹಾಕಿದ್ಲು. ನನ್ನ ಸನೇಕ ಬಂದು, ಹಲ್ಲು ಕಚ್ಚಿ ಹೇಳಿದ್ಲು, "ನಿಮ್ಮ ಹೊಲಸು ನಿಮಗ ತೊಳಿಯಾಕ ಆಗದಿದ್ರ ನಾ ತೊಳಿತಿದ್ನಿ. ಅವರ ಮಾನ ಯಾಕ ತಗದ್ರಿ?"

"ಏ, ಸುಮ್ನಿರು! ಸುಳ್ಳೇನ ಹೇಳೇನಿ? ಗಾಡಿ ಹೊಡ್ಯಾಕತ್ತಾನೋ ಇಲ್ಲೋ ಅವ?" ಅಂತ ಆಕಿ ಮ್ಯಾಲ ಹರಿಹಾಯ್ದ್ನಿ. ತಪ್ಪು ಮಾಡಿದಾಗ ನನಗ ಹಂಗಽ, ದನಿ ಜೋರಾಗ್ತೈತಿ.

"ತಪ್ಪಾತೋ" ಅನ್ನಬೇಕಿತ್ತು. ಮೂರಕ್ಷರ, ಹೆಚ್ಚಿಲ್ಲ ಕಡಿಮಿಲ್ಲ. ಜೀವನದಾಗ ಯಾರಿಗೂ ಅಂದವಲ್ಲ ನಾ, ನಾಲಗಿ ಹೊರಳಲಿಲ್ಲ. ಅದರ ಬದ್ಲಿ ಮುಂದಿನ ಊರಾಗ ಒಂದು ಉಣ್ಣೆ ಟೋಪಿಗಿ ಕೊಂಡು ಅವನ ಕೈಯಾಗ ಇಟ್ನಿ. "ಇರಲಿ ಬಿಡು" ಅಂದು ಕಿಸೆಕ್ಕ ಹಾಕ್ಕೊಂಡ. ಹಾಕ್ಕೊಳ್ಳಲಿಲ್ಲ ತಲಿಗೆ. "ಲೇ" ಅನ್ನಲೂ ಇಲ್ಲ. ಆವತ್ತಿಂದ ನಾ ಕಾಯಾಕ ಹತ್ತಿದ್ನಿ, ಈಗ ಅಂತಾನ, ಈಗ ಅಂತಾನ ಅಂತ. ದಾರಿ ಕೇಳಿದ, ಡಿಸೇಲ್ ಹಾಕಿಸೂದು ಕೇಳಿದ, ನೀರು ತುಂಬಿಸೂದು ಕೇಳಿದ. ಅದೊಂದು ಮಾತು ಮಾತ್ರ ಅವನ ಬಾಯಿಗೆ ಬರಲಿಲ್ಲ.

ಗಾಡಿ ತಿರುಗಿ ಕೊಡೂ ದಿನ ಡಬ್ಬಿ ಸ್ವಚ್ಛ ಮಾಡಿಽ ಕೊಡಬೇಕು ಅಂತ ಕರಾರು. ಇವತ್ತ ನಾನಽ ಮಾಡ್ತೇನಿ ಅಂತ ಗಟ್ಟಿ ಮನಸು ಮಾಡಿದ್ನಿ. ಬೆಳಕು ಹರಿಯೂದ್ರಾಗ ಎದ್ನಿ. ರಬ್ಬರ್ ಕೈಗವಸು ಹಾಕ್ಕೊಂಡ್ನಿ, ಮೂಗಿಗೆ ಟಾವೆಲ್ ಕಟ್ಕೊಂಡ್ನಿ. ಕಳ್ಳನಂಗ ಹೊರಗ ಇಳದು ಆ ಸಣ್ಣ ಬಾಗಲ ತಗದ್ನಿ. ಡಬ್ಬಿ ಎಳದ್ರ ಹಗುರ ಬಂತು. ತೊಳದು, ಒರಸಿ, ಔಷಧ ಹಾಕಿ ಇಟ್ಟಿತ್ತು. ನಾಲ್ಕ ಮಾರು ದೂರ ಒಂದು ಕಲ್ಲಿನ ಮ್ಯಾಲ ಗೆಳೆಯ ಕುಂತಿದ್ದ, ಕೈಯಾಗ ಚಾ. ನನ್ನ ಆ ಅವತಾರ ನೋಡಿದ. ಮೊದಲಾಗಿದ್ರ ನಕ್ಕು ನಕ್ಕು ಉರುಳ್ಯಾಡ್ತಿದ್ದ.

"ಆಗೇತಿ" ಅಂದ. ಅಷ್ಟ.

ಊರಿಗೆ ಬಂದ ಮ್ಯಾಲ ಬಸವನ ಬಾಗೇವಾಡ್ಯಾಗ ನನ್ನ ಹೆಂಡತಿಯ ತವರುಮನ್ಯಾಗ ಒಂದು ನಿಶ್ಚಯ ಕಾರ್ಯ ಇತ್ತು. ಗೆಳೆಯನೂ ಬಂದಿದ್ದ, ಆಕಿ ಹಟ ಮಾಡಿ ಕರಸಿದ್ಲು. ಊಟ ಆಗಿ ಎಲಿ ಅಡಕಿ ಹಾಕ್ಕೊಂಡು ಮಂದಿ ನನ್ನ ಸುತ್ತ ಕುಂತ್ರು. ನಾ ಗಾಡಿ ವರ್ಣನಾ ಮಾಡಾಕತ್ತಿದ್ನಿ. ನಾಲತವಾಡದ ಷಡ್ಡಕ ಒಬ್ಬವ ಕೇಳೇಬಿಟ್ಟ, "ಎಲ್ಲಾ ಖರೆ ಸಾವಕಾರ್ರ, ಆ ಸಂಡಾಸದ್ದೇನ್ರಿ ವ್ಯವಸ್ಥಾ? ಅದನ್ನ ಯಾರು ತಗಿತಾರ?"

ಗೆಳೆಯ ಕಂಬಕ್ಕ ಬೆನ್ನ ಹಚ್ಚಿ ಕುಂತಿದ್ದ. ನಾ ಅವನ ಕಡೆ ನೋಡದ ಹೇಳಿದ್ನಿ, "ನಾವಽ ತಗಿಯೂದಪಾ. ಸರತಿ ಮ್ಯಾಲ. ಒಂದಿನ ನಾ, ಒಂದಿನ ಇವ."

ಎಲ್ಲರೂ ಅವನ ಕಡೆ ಹೊಳ್ಳಿದ್ರು. ಒಂದು ಮಾತು ಸಾಕಿತ್ತು ಅವಗ, ನನ್ನ ಮಾರಿಗೆ ಮಸಿ ಬಳಿಯಾಕ. "ಹೌದ್ರಿ. ಸರತಿ ಮ್ಯಾಲ ಮಾಡ್ತಿದ್ವಿ" ಅಂದ.

"ಅಬಬಬ! ಇಷ್ಟು ದೊಡ್ಡ ಸಾವಕಾರ್ರು ಕೈಯಾರೆ! ದೊಡ್ಡ ಮನಸ್ರಿ ನಿಮ್ದು" ಅಂತ ಷಡ್ಡಕ ಕೈ ಮುಗದ. ಮಂದಿ ಹೊಗಳಿದ್ರು. ನಾ ಹೊಗಳಿಸ್ಕೊಂಡ್ನಿ. ಬಾಗಲದಾಗ ನಿಂತ ನನ್ನ ಹೆಂಡತಿ ಮಾರಿ ಹೊಳ್ಳಿಸಿದ್ಲು. ಬಾಯಾಗಿನ ಎಲಿ ಮಣ್ಣಾದಂಗಾತು, ಉಗಳಾಕ ಎದ್ದು ಹ್ವಾದ್ನಿ.

ಅವನ ಲಾರಿ ಈಗಲೂ ನಮ್ಮ ತ್ವಾಟಕ್ಕ ಬರ್ತೈತಿ. ಅವ ಬರಂಗಿಲ್ಲ, ಬ್ಯಾರೆಯವರನ್ನ ಕಳಿಸ್ತಾನ. ಹ್ವಾದ ತಿಂಗಳ ನನಗ ತಡಕೊಳ್ಳಾಕ ಆಗಲಿಲ್ಲ. ಡ್ರೈವರನ್ನ ಬ್ಯಾಡ ಅಂದು ನಾನಽ ಕಾರು ಹೊಡಕೊಂಡು ಸಿಂದಗಿಗೆ ಹ್ವಾದ್ನಿ. ದಾರಿ ತುಂಬ ಆ ಮಾತು ಬಾಯಿಪಾಠ ಮಾಡ್ಕೊಂಡ್ನಿ: ತಪ್ಪಾತೋ, ತಪ್ಪಾತೋ.

ಮನ್ಯಾಗ ಇದ್ದ. ನಗುನಗುತಽ ಬರಮಾಡ್ಕೊಂಡ. ಹೊಸ ಕುರ್ಚಿ ತಂದು ಹಾಕಿದ, ಹೊಸ ಕಪ್ಪು-ಬಶಿಯಾಗ ಚಾ ಕೊಟ್ಟ. ತಾ ಮಾತ್ರ ಬಾಗಲದ ಬಾಜೂಕ ನಿಂತ.

"ಕುಂಡ್ರೋ" ಅಂದ್ನಿ.

"ಇರಲಿ" ಅಂದ.

"ಮತ್ತೊಮ್ಮೆ ಹೋಗೂಣೇನೋ ಮನಿಗಾಡಿಯಾಗ? ಎಲ್ಲಿ ಬೇಕು ನೀನಽ ಹೇಳು. ಈ ಸಲ ಡಬ್ಬಿ ನಂದು. ದಿನಾ ನಂದು" ಅಂತ ನಗಾಕ ನೋಡಿದ್ನಿ. ಬಾಯಿಪಾಠ ಮಾಡಿದ ಮಾತು ಬರಲೇ ಇಲ್ಲ, ಅದರ ಬದ್ಲಿ ಇದು ಬಂತು.

ಅವನ ಮಾರ್ಯಾಗ ಸಿಟ್ಟಿರಲಿಲ್ಲ. ಸಿಟ್ಟಿದ್ರ ನಾ ಬದುಕ್ತಿದ್ನಿ.

"ಬ್ಯಾಡ್ರಿ ಸಾವಕಾರ್ರ" ಅಂದ. "ನನ್ನ ಕಣ್ಣು ಮೊದಲಿನಂಗ ಇಲ್ಲ. ನೀವು ಬ್ಯಾರೆ ಡ್ರೈವರನ್ನ ನೋಡ್ಕೋರಿ."

ಚಾ ಅರ್ಧಕ್ಕ ಬಿಟ್ಟು ಎದ್ನಿ. ಅವ ನನ್ನ ಹಿಂದಽ ಹೊರಗ ಬಂದ, ಎರಡು ಹೆಜ್ಜಿ ಮುಂದ ಹೋಗಿ ನನ್ನ ಕಾರಿನ ಬಾಗಲ ತಗದು, ಹಿಡ್ಕೊಂಡು ನಿಂತ. ಏನರ ಅನ್ನಬೇಕಿತ್ತು ನಾ, ಆ ಬಾಗಲ ಅವನ ಕೈಯಿಂದ ಕಸಗೋಬೇಕಿತ್ತು. ಒಳಗ ಕುಂತ್ನಿ. ಅವ ಬಾಗಲ ಸಾವಕಾಶ ಹಾಕಿದ.